ಸಂಗೀತ ಕಚೇರಿ ಮುಗಿದ ಮೇಲಿನ ಮಾತು

ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲಿ ಬರೆದ ‘ಸಂಗೀತರತ್ನಾಕರ’ದಲ್ಲಿ ಗಾಯಕರ ದೋಷಗಳ ಪಟ್ಟಿಯೊಂದಿದೆ. ಒಟ್ಟು 25. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ, ಹೆದರಿಕೊಂಡು ಹಾಡುವವನು ಭೀತ, ಬಾಯಿಯನ್ನು ವಿಕಾರವಾಗಿ ತೆರೆಯುವವನು ಕರಾಲಿ, ಕೆನ್ನೆ ಉಬ್ಬಿಸುವವನು ತುಂಬಕಿ, ಕಣ್ಣು ಮುಚ್ಚಿಕೊಳ್ಳುವವನು ನಿಮೀಲಕ, ತಾಳ ತಪ್ಪುವವನು ವಿತಾಲ, ಅಕ್ಷರ ತಿಳಿಯದಂತೆ ಹಾಡುವವನು ಅವ್ಯಕ್ತ, ರಾಗಗಳನ್ನು ಬೆರೆಸಿಬಿಡುವವನು ಮಿಶ್ರಕ, ಮೂಗಿನಲ್ಲಿ ಹಾಡುವವನು ಸಾನುನಾಸಿಕ. ಎರಡು ಶತಮಾನ ಕಳೆದ ಮೇಲೆ ವಿಜಯನಗರದಲ್ಲಿ ಕಲ್ಲಿನಾಥ ಇದೇ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ. ಹಾಗಾಗಿ ಈ ಪಟ್ಟಿಗೂ ನಮ್ಮ ನೆಲಕ್ಕೂ ಹಳೆಯ ನಂಟು.

ವಿರಸದಂಥ (ರಸವಿಲ್ಲದೆ ಹಾಡುವುದು) ಒಂದೆರಡನ್ನು ಬಿಟ್ಟರೆ ಆ ಪಟ್ಟಿಯಲ್ಲಿರುವುದೆಲ್ಲ ಕಣ್ಣಿಗೆ ಕಾಣುವ ಇಲ್ಲವೇ ಕಿವಿಗೆ ಬೀಳುವ ಸಂಗತಿಗಳು. ಕೆನ್ನೆ ಉಬ್ಬಿದೆಯೋ ಇಲ್ಲವೋ ನೋಡಿ ಹೇಳಬಹುದು, ಹೇಳಿದ್ದನ್ನು ಕನ್ನಡಿ ಮುಂದೆ ಕೂತು ತಿದ್ದಿಕೊಳ್ಳಬಹುದು. ಈಗ ಕಚೇರಿ ಮುಗಿದ ಮೇಲೆ ವೇದಿಕೆಯ ಹಿಂದೆ ಕೇಳಿಬರುವ ಮಾತುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ‘ತುಂಬಾ ಚೆನ್ನಾಗಿತ್ತು’, ‘ಯಾಕೋ ಇವತ್ತು ಕಳೆ ಕಟ್ಟಲಿಲ್ಲ’, ‘ಇನ್ನೂ ಸ್ವಲ್ಪ ಪಳಗಬೇಕು’. ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಈ ಮಾತುಗಳಿಗೆ ಒಂದು ಜಾಗವಿಲ್ಲ. ಯಾವ ಕೃತಿ, ಯಾವ ಸಾಲು, ಯಾವ ಸಂಗತಿ (ಒಂದೇ ಸಾಲನ್ನು ಮತ್ತೆ ಮತ್ತೆ ಬೆಳೆಸಿ ಹಾಡುವ ಬಗೆ)? ಹಾಡಿದವರು ಮರುದಿನ ಬೆಳಗ್ಗೆ ತಂಬೂರಿ ಮೀಟಿಕೊಂಡು ಕೂತಾಗ ಯಾವುದನ್ನು ಮತ್ತೆ ಹಾಡಿ ನೋಡಬೇಕು ಅನ್ನುವುದು ಕೇಳುಗರ ಮಾತಿನಿಂದ ತಿಳಿಯಬೇಕು. ಅಭಿಪ್ರಾಯ ಒಳ್ಳೆಯದೋ ಅಲ್ಲವೋ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ಜಾಗ ತೋರಿಸಿ ಹೇಳುವುದು ಹೇಗೆ? ಕಚೇರಿಗೆ ಹೋಗುವಾಗ ಸಣ್ಣ ನೋಟುಬುಕ್ಕು, ಪೆನ್ಸಿಲ್ಲು ಸಾಕು. ಮೊಬೈಲ್ ಬೇಡ, ಕತ್ತಲ ಸಭಾಂಗಣದಲ್ಲಿ ಅದರ ಬೆಳಕು ಅಕ್ಕಪಕ್ಕದವರಿಗೂ ವೇದಿಕೆಗೂ ಚುಚ್ಚುತ್ತದೆ. ಮೊದಲ ರಚನೆಯಾದ ವರ್ಣ ಶುರುವಾದ ಗಳಿಗೆಯನ್ನು ಬರೆದುಕೊಂಡರೆ ಮುಂದಿನದ್ದನ್ನೆಲ್ಲ ಅದರಿಂದ ಎಣಿಸಬಹುದು. ಒಂದೊಂದು ರಚನೆಗೂ ಒಂದೇ ಸಾಲು: ‘7:12, ಅನುಪಲ್ಲವಿ ಎರಡನೇ ಸಂಗತಿ, ತಾರ ಷಡ್ಜ (ಮೇಲಿನ ‘ಸ’) ಮುಟ್ಟಲಿಲ್ಲ, ಉಸಿರು ಮೊದಲೇ ಮುಗಿದಿತ್ತು.’ ತಾವು ಕೂತ ಸಾಲು ಯಾವುದು, ಎಡವೋ ಬಲವೋ, ಬಾಲ್ಕನಿಯ ಕೆಳಗೋ, ಅದನ್ನೂ ಬರೆದಿಡಬೇಕು. ಯಾಕೆಂದರೆ ಸಭಾಂಗಣದಲ್ಲಿ ಕೇಳಿದ್ದೆಲ್ಲ ಹಾಡಿದವರ ಗಂಟಲಿನಿಂದಲೇ ಹಾಗೆ ಹೊರಟಿರುತ್ತದೆ ಎಂದು ಹೇಳಲಾಗುವುದಿಲ್ಲ.

ಧ್ವನಿವರ್ಧಕದ ವಿಷಯವನ್ನು ಕೊಂಚ ಬಿಡಿಸಿಯೇ ಹೇಳಬೇಕು. ಗಾಯಕರ ಮೇಲೆ ಬೀಳುವ ದೂರುಗಳಲ್ಲಿ ಬಹಳಷ್ಟು ಹುಟ್ಟುವುದೇ ಇಲ್ಲಿ. ಸಭೆಗೆ ಕೇಳಿಸುವ ಸ್ಪೀಕರ್ ಬೇರೆ, ಹಾಡುವವರಿಗೆ ಕೇಳಿಸುವ ಮಾನಿಟರ್ ಬೇರೆ. ಮಾನಿಟರಿನಲ್ಲಿ ಮೃದಂಗ ಜೋರಾಗಿದ್ದು ತಂಬೂರಿ ಕಡಿಮೆಯಿದ್ದರೆ ಗಾಯಕಿ ತನ್ನ ಧ್ವನಿ ತನಗೇ ಕೇಳಿಸಲೆಂದು ಒತ್ತಿ ಹಾಡುತ್ತಾರೆ. ಒತ್ತಿದಾಗ ಶ್ರುತಿ ಜಾರುತ್ತದೆ, ಮುಕ್ಕಾಲು ಗಂಟೆಯಲ್ಲಿ ಗಂಟಲು ದಣಿಯುತ್ತದೆ. ಕೆಳಗೆ ಕೂತವರಿಗೆ ಕಾಣುವುದು ‘ಕಿರುಚಿದರು’ ಎಂಬುದಷ್ಟೇ. ಮೈಕಿಗೆ ತುಂಬ ಹತ್ತಿರ ಬಾಯಿಟ್ಟರೆ ತಗ್ಗಿನ ನಾದ ಊದಿಕೊಂಡು ಅಕ್ಷರ ಮಸುಕಾಗುತ್ತದೆ. ಸುಮಾರು ಒಂದು ಗೇಣು ಅಂತರವಿದ್ದು, ತಾರಸ್ಥಾಯಿಗೆ ಹೋಗುವಾಗ ತಲೆಯನ್ನು ತುಸು ಹಿಂದಕ್ಕೆ ಸರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪಿಟೀಲಿನವರ ಕಡೆ ತಿರುಗಿ ಮುಗುಳ್ನಗುತ್ತ ಹಾಡುವ ಅಭ್ಯಾಸ ಬಹಳ ಜನರಿಗಿದೆ. ತಿರುಗಿದಾಗ ಸಾಲಿನ ಕೊನೆಯ ಅಕ್ಷರ ಮೈಕಿಗೆ ಸಿಕ್ಕುವುದಿಲ್ಲ. ‘ಸಾಹಿತ್ಯದ ಕೊನೆ ನುಂಗುತ್ತಾರೆ’ ಎನ್ನುವುದಕ್ಕೂ ‘ಎಡಕ್ಕೆ ತಿರುಗಿದಾಗಲೆಲ್ಲ ಕೊನೆಯ ಅಕ್ಷರ ಹೋಗುತ್ತಿತ್ತು’ ಎನ್ನುವುದಕ್ಕೂ ಎಷ್ಟು ಅಂತರವಿದೆ ನೋಡಿ. ಎರಡನೆಯದನ್ನು ಮುಂದಿನ ಕಚೇರಿಯಲ್ಲೇ ಸರಿಮಾಡಿಕೊಳ್ಳಬಹುದು.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 30 ಮೀಟರ್ ದೂರ ಕೂತವರಿಗೆ ಅದು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಹತ್ತಿರದಷ್ಟು ಹೊತ್ತು ಬೇಕು. ನಿಮಿಷಕ್ಕೆ ತಾಳದ 75 ಅಕ್ಷರದ (ಎಣಿಕೆಯ) ನಡೆಯಲ್ಲಿ ಒಂದು ಅಕ್ಷರಕ್ಕೆ ನಾಲ್ಕು ಸ್ವರ ಹಾಡುವಾಗ ಒಂದು ಸ್ವರದ ಅವಧಿ 0.2 ಸೆಕೆಂಡ್. ಅಂದರೆ ಹಿಂದಿನ ಸಾಲಿನವರು ಕೇಳುತ್ತಿರುವುದು ಸುಮಾರು ಅರ್ಧ ಸ್ವರದಷ್ಟು ಹಳೆಯದು. ಗಾಯಕರ ಕೈಯ ತಾಳವನ್ನು ಕಣ್ಣಲ್ಲಿ ನೋಡುತ್ತ ಹಾಡನ್ನು ಕಿವಿಯಲ್ಲಿ ಕೇಳುವ ಹಿಂದಿನ ಸಾಲಿನ ರಸಿಕರು ‘ತಾಳಕ್ಕೂ ಹಾಡಿಗೂ ಹೊಂದುತ್ತಿಲ್ಲ’ ಎಂದರೆ ಅದಕ್ಕೆ ಕಾರಣ ಇದಿರಬಹುದು. ಭಜನೆಗೋ ದೇವರನಾಮಕ್ಕೋ ಸಭೆಯೆಲ್ಲ ಚಪ್ಪಾಳೆ ತಟ್ಟಿದಾಗ ಲಯ ಹಿಂದಕ್ಕೆ ಎಳೆಯುವುದೂ ಇದರಿಂದಲೇ: ಹಾಡು ಹಿಂದಿನ ಸಾಲಿಗೆ ತಲುಪಿ, ಅಲ್ಲಿನ ಚಪ್ಪಾಳೆ ವೇದಿಕೆಗೆ ಮರಳುವಷ್ಟರಲ್ಲಿ ತಡ ಇಮ್ಮಡಿಯಾಗಿರುತ್ತದೆ. ಅನುಭವಿ ಗಾಯಕರು ಆಗ ಸಭೆಯ ಚಪ್ಪಾಳೆಯನ್ನು ಬಿಟ್ಟು ಮೃದಂಗದ ಕಡೆಗೆ ಕಿವಿ ಕೊಡುತ್ತಾರೆ.

ಶ್ರುತಿಯ ದೂರು

‘ಶ್ರುತಿ ಸೇರಲಿಲ್ಲ’ ಎನ್ನುವುದು ಸಂಗೀತಗಾರರಿಗೆ ಹೇಳಬಹುದಾದ ಅತಿ ಕಠಿಣ ಮಾತು. ಆದ್ದರಿಂದ ಅದನ್ನು ಅತಿ ಎಚ್ಚರದಿಂದ ಹೇಳಬೇಕು. ಮೊದಲು ನೋಡಬೇಕಾದ್ದು, ಎಲ್ಲ ಕಡೆಯೂ ಹೀಗಾಯಿತೋ ಅಥವಾ ಗೊತ್ತಾದ ಜಾಗಗಳಲ್ಲಿ ಮಾತ್ರವೋ. ಕಚೇರಿಯ ಮೊದಲ ಹತ್ತು ಹದಿನೈದು ನಿಮಿಷ ಮಾತ್ರ ಎಂದಾದರೆ ಗಂಟಲು ಇನ್ನೂ ಕಾದಿರಲಿಲ್ಲ ಎಂದರ್ಥ. ಅದಕ್ಕೆ ಮದ್ದು ವೇದಿಕೆ ಹತ್ತುವ ಮೊದಲಿನ ಅರ್ಧ ಗಂಟೆಯ ಸಾಧನೆ. ತಾರಸ್ಥಾಯಿಯಲ್ಲಿ ಮಾತ್ರ ಇಳಿಯುತ್ತಿದ್ದರೆ ಉಸಿರು ಎಲ್ಲಿ ತೆಗೆದರು ಎಂದು ಹಿಂದಿನ ಸಾಲನ್ನು ನೋಡಬೇಕು. ತನಿ ಆವರ್ತನ (ಹಾಡು ನಿಲ್ಲಿಸಿ ಮೃದಂಗ ಮಾತ್ರ ನುಡಿಸುವ ಭಾಗ) ಮುಗಿದು ಮತ್ತೆ ಪಲ್ಲವಿ ಎತ್ತಿಕೊಳ್ಳುವಾಗ ಜಾರುವುದು ಇನ್ನೊಂದು ಮಾಮೂಲಿ ಜಾಗ. ಹದಿನೈದು ಇಪ್ಪತ್ತು ನಿಮಿಷ ಗಂಟಲು ಸುಮ್ಮನಿರುತ್ತದೆ, ಕಿವಿ ತುಂಬ ಮೃದಂಗದ ನಾದ, ತಂಬೂರಿ ಅದರಡಿ ಮುಳುಗಿರುತ್ತದೆ. ತನಿಯ ಕೊನೆಯ ಆವರ್ತನಗಳಲ್ಲಿ (ತಾಳದ ಸುತ್ತುಗಳಲ್ಲಿ) ಮನಸ್ಸಿನಲ್ಲೇ ಷಡ್ಜ ಹಿಡಿದುಕೊಳ್ಳುವುದು ಇದಕ್ಕೆ ಪರಿಹಾರ. ಇನ್ನೂ ಒಂದುಂಟು: ವೇದಿಕೆಯ ದೀಪಗಳ ಬಿಸಿಗೆ ತಂತಿ ಸಡಿಲಗೊಂಡು ತಂಬೂರಿ, ಪಿಟೀಲು ಇಳಿಯುತ್ತವೆ, ಮಳೆಗಾಲದ ತೇವಕ್ಕೆ ಮೃದಂಗದ ಚರ್ಮ ಸಡಿಲಗೊಳ್ಳುತ್ತದೆ. ಗಾಯಕರು ಸರಿಯಾಗಿದ್ದು ಪಕ್ಕದ ವಾದ್ಯ ಇಳಿದಿದ್ದರೂ ಸಭೆಗೆ ಅಪಸ್ವರ ಕೇಳಿಸುವುದು ಗಾಯಕರದ್ದೇ.

ಇತ್ತೀಚೆಗೆ ಮೊಬೈಲಿನ ಶ್ರುತಿ ಅಳೆಯುವ ಆ್ಯಪ್ ಹಿಡಿದು ತೀರ್ಪು ಕೊಡುವವರೂ ಇದ್ದಾರೆ. ಇದರ ಬಗ್ಗೆ ಖಂಡಿತವಾಗಿ ಹೇಳಬೇಕು: ಆ ಆ್ಯಪುಗಳು ಸಾಮಾನ್ಯವಾಗಿ ಕೀಬೋರ್ಡಿನ ಸಮಭಾಗದ ಅಳತೆಯಲ್ಲಿ ಎಣಿಸುತ್ತವೆ. ಕೀಬೋರ್ಡಿನಲ್ಲಿ ‘ಅಂತರ ಗಾಂಧಾರ’ ಎಂಬ ಸ್ವರ ಷಡ್ಜದಿಂದ 400 ಸೆಂಟ್ (ಸ್ವರಗಳ ನಡುವಿನ ದೂರದ ಅಳತೆ) ಮೇಲಿದೆ. ಚೆನ್ನಾಗಿ ಜೀವಾಳಿ (ತಂತಿಯಡಿ ಇಡುವ ದಾರ) ಕೂರಿಸಿದ ತಂಬೂರಿಯ ಮಂದ್ರ (ತಗ್ಗಿನ ಸ್ಥಾಯಿಯ) ತಂತಿಯಿಂದ ತಾನೇ ಹೊಮ್ಮುವ ಗಾಂಧಾರ ಸುಮಾರು 386 ಸೆಂಟಿನದು. ತಂಬೂರಿಯೊಳಗೆ ಕರಗಿಹೋಗುವಂತೆ ಶಂಕರಾಭರಣ ರಾಗದ ಗಾಂಧಾರವನ್ನು ನಿಲ್ಲಿಸಿದ ಗಾಯಕಿಗೆ ಆ್ಯಪು ‘14 ಸೆಂಟ್ ಕಡಿಮೆ’ ಎನ್ನುತ್ತದೆ. ತೋಡಿಯ ಗಾಂಧಾರವಂತೂ ನಿಂತ ಸ್ವರವೇ ಅಲ್ಲ, ಅದು ಪೂರ್ತಿ ಗಮಕದಲ್ಲೇ (ಸ್ವರದ ತೂಗಾಟದಲ್ಲೇ) ಬದುಕುತ್ತದೆ. ಅಲ್ಲಿ ಸೂಜಿ ಓಡಾಡುವುದನ್ನು ನೋಡಿ ತಪ್ಪು ಹುಡುಕುವುದರಲ್ಲಿ ಅರ್ಥವೇ ಇಲ್ಲ. ಆ್ಯಪು ಬೇಕೇ ಬೇಕೆಂದರೆ ನೀಳವಾಗಿ ನಿಲ್ಲಿಸಿದ ಷಡ್ಜ, ಪಂಚಮಗಳಿಗೆ ಮಾತ್ರ ಬಳಸಿ. ಉಳಿದದ್ದಕ್ಕೆ ತಂಬೂರಿ ಹಾಕಿಕೊಂಡು ಧ್ವನಿಮುದ್ರಣವನ್ನು ಕಿವಿಯಲ್ಲೇ ಕೇಳಿ.

ಓಡಿದ್ದು ಯಾರು?

ಲಯದ ದೂರನ್ನು ಅಳೆದು ಹೇಳಬಹುದು, ಅಳೆಯುವುದೂ ಸುಲಭ. ಧ್ವನಿಮುದ್ರಣದಲ್ಲಿ ಕೃತಿಯ ಮೊದಲ ಪಲ್ಲವಿಯ ಒಂದು ಆವರ್ತನಕ್ಕೆ ಎಷ್ಟು ಸೆಕೆಂಡ್ ಹಿಡಿಯಿತು, ಕಲ್ಪನಾಸ್ವರದ (ಆಗಲೇ ಕಲ್ಪಿಸಿ ಹಾಡುವ ಸ್ವರಗಳ) ಕೊನೆಯಲ್ಲಿ ಎಷ್ಟು ಹಿಡಿಯಿತು ಎಂದು ನೋಡಿದರಾಯಿತು. ಆದಿತಾಳದ ಎಂಟು ಅಕ್ಷರ ಮೊದಲು 8 ಸೆಕೆಂಡಿನಲ್ಲಿ ಮುಗಿಯುತ್ತಿದ್ದದ್ದು ಕೊನೆಗೆ 7 ಸೆಕೆಂಡಿಗೆ ಬಂದಿದ್ದರೆ ನಡೆ ನಿಮಿಷಕ್ಕೆ 60 ಅಕ್ಷರದಿಂದ 68–69ಕ್ಕೆ ಏರಿದೆ. ಇಷ್ಟಾದರೆ ಮೊದಲಿನ ನಡೆಯಲ್ಲಿ ಸಲೀಸಾಗಿ ಕೂರುತ್ತಿದ್ದ ಸಂಗತಿ ಕೊನೆಯಲ್ಲಿ ಮತ್ತೆ ಹಾಡುವಾಗ ಒತ್ತೊತ್ತಾಗಿ ತೊದಲುತ್ತದೆ.

ಅಳೆದಾದ ಮೇಲೆ ಕೇಳಬೇಕಾದ್ದು, ಯಾವ ಹಂತದಲ್ಲಿ ಏರಿತು? ಅನುಪಲ್ಲವಿ ಮುಗಿಯುವಾಗ ಮೃದಂಗದ ತುಂಬು ನುಡಿಸಾಣಿಕೆ ಬಂದ ಕೂಡಲೇ ಏರಿದ್ದರೆ ಮಾತಾಡಬೇಕಾದ್ದು ಇಬ್ಬರ ಜೊತೆಗೂ. ನೆರವಲ್‌ನಲ್ಲಿ (ಸಾಹಿತ್ಯದ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವಾಗ) ಎರಡನೇ ಕಾಲಕ್ಕೆ ಹೋದಾಗ ಏರಿದ್ದರೆ ಅದು ಗಾಯಕರ ಕೈ ಸಡಿಲಾದದ್ದರಿಂದ. ಸಾಹಿತ್ಯವನ್ನು ಎರಡರಷ್ಟು ವೇಗಕ್ಕೆ ಒಯ್ಯುವ ಉತ್ಸಾಹದಲ್ಲಿ ತಾಳದ ಕೈಯೂ ಅದರ ಜೊತೆ ಹೊರಡುತ್ತದೆ. ಎತ್ತುಗಡೆ, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ತಪ್ಪಿದ್ದು ಇನ್ನೊಂದು ಬಗೆ. ಸಮದ (ತಾಳದ ಮೊದಲ ಪೆಟ್ಟಿನ) ನಂತರ ಒಂದೂವರೆ ಅಕ್ಷರಕ್ಕೆ ಎತ್ತಬೇಕಾದ ಪಲ್ಲವಿಯನ್ನು ಸಮಕ್ಕೇ ಎತ್ತಿದರೆ ಮುಕ್ತಾಯದ ಲೆಕ್ಕವೆಲ್ಲ ಒಂದೂವರೆ ಅಕ್ಷರ ಪಲ್ಲಟವಾಗುತ್ತದೆ. ಇಂಥ ಕಡೆ ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ತೊಡೆ ತಟ್ಟುವವರಿಂದ ಉಪಕಾರಕ್ಕಿಂತ ಅಪಾಯವೇ ಹೆಚ್ಚು. ಎತ್ತುಗಡೆ ಖಚಿತವಾಗಿ ಗೊತ್ತಿಲ್ಲದಿದ್ದರೆ ಕೈ ಮಡಿಲಲ್ಲಿರಲಿ.

ರಾಗ, ಪಾಠಾಂತರ, ಸಾಹಿತ್ಯ

ಆರಭಿಗೂ ದೇವಗಾಂಧಾರಿಗೂ ಆರೋಹಣ ಅವರೋಹಣ ಒಂದೇ. ಆರಭಿ ಗಾಂಧಾರ, ನಿಷಾದಗಳನ್ನು ಸೋಕಿ ಮುಂದೆ ಹೋಗುತ್ತದೆ, ನಡಿಗೆ ಚುರುಕು. ದೇವಗಾಂಧಾರಿ ನಿಧಾನಿ, ಗಮಕಗಳಲ್ಲಿ ಎಳೆದು ಅರಳುತ್ತದೆ. ಆರಭಿಯ ಆಲಾಪನೆಯನ್ನು ವಿಳಂಬಕ್ಕೆ ತಂದು ಸ್ವರಗಳನ್ನು ತೂಗಿದರೆ ಅದು ಪಕ್ಕದ ಮನೆಗೆ ಹೊಕ್ಕುಬಿಡುತ್ತದೆ. ಭೈರವಿಯಲ್ಲಿ ಏರುವಾಗ ಚತುಃಶ್ರುತಿ ಧೈವತ (ಎತ್ತರದ ‘ಧ’), ಇಳಿಯುವಾಗ ಶುದ್ಧ ಧೈವತ (ತಗ್ಗಿನ ‘ಧ’). ಆದ್ದರಿಂದ ‘ಭೈರವಿ ಭೈರವಿಯಂತಿರಲಿಲ್ಲ’ ಎಂದರೆ ಏನೂ ಹೇಳಿದಂತಾಗಲಿಲ್ಲ; ‘ಪಂಚಮದಿಂದ ನಿಷಾದಕ್ಕೆ ಏರುವಾಗ ಎರಡು ಸಲ ಶುದ್ಧ ಧೈವತ ಕೇಳಿಸಿತು’ ಎಂದರೆ ಹಾಡಿದವರು ತಮ್ಮ ಧ್ವನಿಮುದ್ರಣದಲ್ಲಿ ಹೋಗಿ ನೋಡಬಹುದು.

ತಪ್ಪು ಎನ್ನುವ ಮೊದಲು ಪಾಠಾಂತರ ಯಾವುದೆಂದು ಕೇಳುವುದು ಮರ್ಯಾದೆ ಮಾತ್ರವಲ್ಲ, ಜಾಣತನವೂ ಹೌದು. ಒಂದೇ ಕೃತಿಯ ಸಂಗತಿಗಳು ಗುರುಪರಂಪರೆಯಿಂದ ಗುರುಪರಂಪರೆಗೆ ಬೇರೆ. ಪುರಂದರದಾಸರ ಕಾಲದ ಮಟ್ಟುಗಳು ನಮಗೆ ಉಳಿದು ಬಂದಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದರಲ್ಲಿ ಹಾಡುವುದು ಸಹಜ. ತಾನು ಕಲಿತದ್ದಕ್ಕಿಂತ ಬೇರೆ ರಾಗದಲ್ಲಿ ಕೇಳಿದ ಕೂಡಲೇ ‘ತಪ್ಪು ಹಾಡಿದರು’ ಎನ್ನುವವರು ತಮ್ಮ ಪಾಠವನ್ನೇ ಶಾಸ್ತ್ರವೆಂದು ತಿಳಿದಿದ್ದಾರೆ. ರಾಗಲಕ್ಷಣದ ಚರ್ಚೆಗೆ ಬೇರೆಯೇ ಜಾಗವಿದೆ. ಚೆನ್ನೈನ ಮ್ಯೂಸಿಕ್ ಅಕಾಡೆಮಿಯಲ್ಲಾಗಲಿ ಬೆಂಗಳೂರು ಗಾಯನ ಸಮಾಜದ ಸಮ್ಮೇಳನದಲ್ಲಾಗಲಿ ಬೆಳಗಿನ ಗೋಷ್ಠಿ ಇರುವುದು ಇದಕ್ಕಾಗಿಯೇ. ಎರಡೂವರೆ ಗಂಟೆ ಹಾಡಿ ಬೆವರು ಒರೆಸಿಕೊಳ್ಳುತ್ತಿರುವವರ ಮುಂದೆ ಅದನ್ನು ತೆಗೆಯಬಾರದು.

ಸಾಹಿತ್ಯದ ವಿಷಯದಲ್ಲಿ ಮಾತ್ರ ಕನ್ನಡದ ಕೇಳುಗರಿಗೆ ಪೂರ್ತಿ ಅಧಿಕಾರವಿದೆ. ಶಾಸ್ತ್ರ ಕಲಿಯದವರೂ ಧೈರ್ಯವಾಗಿ ಹೇಳಬಹುದು. ಅಂಕಿತದಲ್ಲಿ ‘ಪುರಂ’ ಎಂದು ಉಸಿರು ತೆಗೆದು ‘ದರ ವಿಠಲ’ ಎಂದು ಮುಂದುವರಿಸುವುದು, ‘ವಿಠಲ’ದ ಠಕಾರವನ್ನು ಅಲ್ಪಪ್ರಾಣ ಮಾಡುವುದು, ಳಕಾರ ಲಕಾರವಾಗುವುದು, ಶಕಾರ ಸಕಾರವಾಗುವುದು. ‘ಹರಿ’ಯ ಹಕಾರ ಬಿದ್ದುಹೋದರೆ ‘ಅರಿ’, ಅಂದರೆ ಶತ್ರು. ದೇವರನಾಮದಲ್ಲಿ ಇದು ಸಣ್ಣ ಲೋಪವಲ್ಲ. ಇಲ್ಲಿಯೂ ಕಾರಣ ಎರಡಿರಬಹುದು: ಆಡುಮಾತಿನಲ್ಲೇ ಹಕಾರ ಬಿಡುವ ರೂಢಿ, ಇಲ್ಲವೇ ಮೈಕು ದೂರವಾಗಿ ಮೆತ್ತಗಿನ ಹಕಾರ ಸಿಕ್ಕದಿರುವುದು. ಕಚೇರಿ ನಡುವೆ ಅವರು ಮಾತಾಡುವಾಗಲೂ ಹಕಾರ ಕೇಳದಿದ್ದರೆ ಮೊದಲನೆಯದು. ಸುಗಮ ಸಂಗೀತದಲ್ಲಂತೂ ಕವಿತೆಯ ಮಾತೇ ಮುಖ್ಯ. ಅಲ್ಲಿ ಅರ್ಥ ಕಡಿಯುವ ಉಸಿರು ಅಪಸ್ವರದಷ್ಟೇ ದೊಡ್ಡ ದೋಷವೆಂದು ನಾನು ಎಣಿಸುತ್ತೇನೆ. ಹಾಳೆಯ ಮೇಲೆ ಕವಿತೆ ಬರೆದು ಉಸಿರಿನ ಜಾಗಗಳಿಗೆ ಗೀಟು ಹಾಕಿ ಕೊಟ್ಟರೆ ಹಾಡುವವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಯಾರು ಯಾವುದನ್ನು ಹೇಳಬೇಕು

ಭರತನ ನಾಟ್ಯಶಾಸ್ತ್ರದ 27ನೇ ಅಧ್ಯಾಯ ನಾಟ್ಯಪ್ರಯೋಗದ ಸಿದ್ಧಿಯನ್ನು, ಅಂದರೆ ಯಶಸ್ಸನ್ನು, ಕುರಿತದ್ದು. ಸಭೆಯ ಮುಗುಳ್ನಗೆ, ‘ಸಾಧು’, ‘ಅಹೋ’ ಎಂಬ ಉದ್ಗಾರ, ರೋಮಾಂಚ ಇವನ್ನೆಲ್ಲ ಅಲ್ಲಿ ಸಿದ್ಧಿಯ ಗುರುತುಗಳೆಂದು ಎಣಿಸಿದೆ. ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಪ್ರಾಶ್ನಿಕರ ವ್ಯವಸ್ಥೆ. ವಿವಾದ ಬಂದಾಗ ತೀರ್ಪು ಹೇಳುವವರು ಹತ್ತು ಬಗೆಯವರು: ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ವ್ಯಾಕರಣ ಬಲ್ಲವನು, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಂಧರ್ವ (ಸಂಗೀತ ಬಲ್ಲವನು), ರಾಜ, ರಾಜಸೇವಕ. ಒಬ್ಬೊಬ್ಬರೂ ತಮಗೆ ಗೊತ್ತಿರುವುದನ್ನು ಕುರಿತು ಮಾತ್ರ ಹೇಳಬೇಕು. ಸ್ವರತಾಳಗಳಿಗೆ ಗಂಧರ್ವ, ವೇಷಭೂಷಣಕ್ಕೆ ಚಿತ್ರಕಾರ.

ಈ ವಿಂಗಡಣೆ ಇವತ್ತಿಗೂ ಹೊಂದುತ್ತದೆ. ಸಾಹಿತ್ಯ ಕೇಳಿಸಿತೇ, ಯಾವ ಹೊತ್ತಿಗೆ ಬೇಸರ ಬಂತು, ಯಾವಾಗ ಮೈ ಜುಮ್ಮೆಂದಿತು ಎನ್ನುವುದಕ್ಕೆ ಸಂಗೀತ ಕಲಿಯದ ರಸಿಕರೇ ಸಾಕ್ಷಿ. ಯಾವ ಸ್ಥಾಯಿ ಮುಂದೆ ಬಂತು, ಯಾವುದು ಮುಳುಗಿತು ಎನ್ನುವುದಕ್ಕೆ ಮಿಕ್ಸರಿನ ಮುಂದೆ ಕೂತವರು. ಆಲಾಪನೆಯಲ್ಲಿ ಎಲ್ಲಿ ಸಂದಿಗ್ಧವಿತ್ತು ಎನ್ನುವುದು ಪಿಟೀಲಿನವರಿಗೆ ಗೊತ್ತು, ಏಕೆಂದರೆ ಪ್ರತಿ ನುಡಿಯನ್ನೂ ಹಿಂಬಾಲಿಸಿ ನುಡಿಸಿದವರು ಅವರು. ಮುಕ್ತಾಯದ ಲೆಕ್ಕ ಮೊದಲೇ ಅಂದಾಜಿಗೆ ಸಿಕ್ಕಿತೋ ಇಲ್ಲವೋ ಮೃದಂಗದವರೇ ಹೇಳಬೇಕು. ಪಕ್ಕವಾದ್ಯದವರಿಗಿಂತ ಒಳ್ಳೆಯ ಕೇಳುಗರು ಗಾಯಕರಿಗೆ ಸಿಕ್ಕಲಾರರು. ಆದರೂ ಅವರು ತಾವಾಗಿ ಬಾಯಿಬಿಡುವುದು ಕಡಿಮೆ, ಮುಂದಿನ ಕಚೇರಿಗೆ ಕರೆಯಬೇಕಾದವರು ಅದೇ ಗಾಯಕರಲ್ಲವೇ. ‘ಹೇಗಿತ್ತು ಸಾರ್?’ ಎಂದು ಕೇಳಿದರೆ ‘ಬಹಳ ಚೆನ್ನಾಗಿತ್ತು’ ಎಂದೇ ಉತ್ತರ ಬರುತ್ತದೆ. ಒಂದೆರಡು ದಿನ ಬಿಟ್ಟು ಫೋನ್ ಮಾಡಿ ‘ಕಾಂಬೋಧಿಯಲ್ಲಿ ನಾನು ತಾರ ಗಾಂಧಾರಕ್ಕೆ ಹೋಗುವ ಮುಂಚೆ ನಿಮಗೆ ಸೂಚನೆ ಸಿಕ್ತಾ ಸಾರ್?’, ‘ಕೊನೆಯ ಮುಕ್ತಾಯ ಮೂರು ಸಲ ಬಂದಾಗ ಎರಡನೇದರಲ್ಲಿ ಏನಾದರೂ ಇಳಿಯಿತಾ?’ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ಯಾರೂ ಮುಟ್ಟಬಾರದ ವಿಷಯವೊಂದಿದೆ: ಕಂಠದ ಜಾತಿ. ಗಂಗೂಬಾಯಿ ಹಾನಗಲ್ ಅವರ ಕಂಠ ಗಂಟಲಿನ ಚಿಕಿತ್ಸೆಯ ನಂತರ ಗಡಸಾಗಿ, ತಗ್ಗಿಗೆ ಇಳಿಯಿತು. ಆ ಕಂಠದಲ್ಲೇ ಅವರು ಹಿಂದೂಸ್ತಾನಿ ಸಂಗೀತದ ಕಿರಾಣಾ ಘರಾಣೆಯ ಗಾಂಭೀರ್ಯವನ್ನು ದಶಕಗಳ ಕಾಲ ಹಾಡಿದರು. ‘ಹೆಣ್ಣಿನ ಧ್ವನಿಯಂತಿಲ್ಲ’, ‘ಧ್ವನಿ ತೆಳು’ ಎನ್ನುವುದು ಅಭಿಪ್ರಾಯವಲ್ಲ. ಅದರಿಂದ ಅಭ್ಯಾಸಕ್ಕೆ ಏನೂ ಸಿಕ್ಕುವುದಿಲ್ಲ.

ಹೊಗಳಿಕೆಗೂ ಜಾಗ ಬೇಕು

ತಪ್ಪನ್ನು ಬೊಟ್ಟು ಮಾಡಿ ತೋರಿಸುವವರೂ ಹೊಗಳುವಾಗ ಮಾತ್ರ ‘ಅದ್ಭುತ’ ಎಂಬ ಒಂದೇ ಪದಕ್ಕೆ ನಿಲ್ಲುತ್ತಾರೆ. ಇದು ದೊಡ್ಡ ನಷ್ಟ. ಮನೋಧರ್ಮದಲ್ಲಿ, ಅಂದರೆ ವೇದಿಕೆಯ ಮೇಲೆ ಆಗಲೇ ಹೊಳೆದು ಹಾಡುವಾಗ, ಹುಟ್ಟಿದ್ದು ಹಾಡಿದವರಿಗೇ ಎಷ್ಟೋ ಸಲ ನೆನಪಿರುವುದಿಲ್ಲ. ‘ಸಹಾನ ಆಲಾಪನೆಯಲ್ಲಿ ರಿಷಭದ ಮೇಲೆ ಎರಡು ಉಸಿರಿನಷ್ಟು ಹೊತ್ತು ನಿಂತಿರಿ, ಅಲ್ಲಿ ಸಭೆ ಪೂರ್ತಿ ಸುಮ್ಮನಾಯಿತು’ ಎಂದು ಯಾರಾದರೂ ಹೇಳಿದರೆ ಅದು ಮುಂದಿನ ಸಲವೂ ಉಳಿಯುತ್ತದೆ. ಹೇಳದಿದ್ದರೆ ಚಪ್ಪಾಳೆ ಎಲ್ಲಿ ಬಿತ್ತೋ ಅದು ಉಳಿಯುತ್ತದೆ. ಚಪ್ಪಾಳೆ ಬೀಳುವುದು ಸಾಮಾನ್ಯವಾಗಿ ವೇಗದ ಬಿರ್ಕಗಳಿಗೆ (ಸ್ವರಗಳ ಗುಚ್ಛಗಳಿಗೆ), ಉದ್ದದ ಮುಕ್ತಾಯಕ್ಕೆ, ತಾರಸ್ಥಾಯಿಯಲ್ಲಿ ಉಸಿರು ಕಟ್ಟಿ ಹಿಡಿದ ಷಡ್ಜಕ್ಕೆ. ವರ್ಷಗಟ್ಟಲೆ ಇದೇ ನಡೆದರೆ ಗಾಯಕರು ಅದರ ಕಡೆಗೇ ವಾಲುತ್ತಾರೆ, ವಿಳಂಬಕಾಲದ ಕೃತಿಗಳು ಕಚೇರಿಯಿಂದ ಮೆಲ್ಲಗೆ ಜಾರುತ್ತವೆ. ವಿಳಂಬ ಉಳಿಯಬೇಕು ಎಂದುಕೊಳ್ಳುವ ರಸಿಕರು ಅದನ್ನು ಬಾಯಿಬಿಟ್ಟು, ಸಾಲು ಹಿಡಿದು ಹೊಗಳಲೇಬೇಕು.

ಯಾವಾಗ ಹೇಳಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮಂಗಳ ಹಾಡಿ ಇಳಿದ ಮೇಲೆ ಹೊಗಳಿಕೆಯ ಒಂದು ಮಾತು, ಜಾಗ ಸಮೇತ, ಅಷ್ಟೇ. ತಿದ್ದುಪಡಿಯ ಮಾತು ಎರಡು ಮೂರು ದಿನದ ನಂತರ, ಅದೂ ಕೇಳಿದರೆ ಮಾತ್ರ, ಇಲ್ಲವೇ ಕೇಳಬಹುದಾದಷ್ಟು ಸಲಿಗೆಯಿದ್ದರೆ. ಕಚೇರಿ ನಡೆಯುವಾಗಲೇ ಹೇಳಬೇಕಾದ್ದು ಧ್ವನಿವರ್ಧಕದ ತೊಂದರೆಯೊಂದೇ. ಅದನ್ನೂ ವೇದಿಕೆಗೆ ಕೈಸನ್ನೆ ಮಾಡಿ ಹೇಳುವುದಲ್ಲ, ಎದ್ದು ಹೋಗಿ ಸೌಂಡಿನವರಿಗೆ ಹೇಳುವುದು. ಹಿರಿಯ ವಿದ್ವಾಂಸರಿಗೆ ಕಿರಿಯರು ಹೇಳುವಾಗ ‘ಚರಣದ ಆ ಸಂಗತಿ ಯಾವ ಪಾಠಾಂತರದ್ದು ಅಂತ ತಿಳ್ಕೋಬಹುದಾ ಗುರುಗಳೇ?’ ಎಂದು ಕೇಳುವ ಪದ್ಧತಿ ಒಳ್ಳೆಯದು, ಆದರೆ ನಿಜವಾಗಿ ತಿಳಿದುಕೊಳ್ಳುವ ಇಚ್ಛೆಯಿದ್ದರೆ ಮಾತ್ರ. ಆಪಾದನೆಯನ್ನು ಪ್ರಶ್ನೆಯೊಳಗೆ ಬಚ್ಚಿಟ್ಟರೆ ಹಿರಿಯರಿಗೆ ಅದು ತಟ್ಟನೆ ತಿಳಿಯುತ್ತದೆ. ಶಿಷ್ಯರ ವಿಷಯವನ್ನು ಮೊದಲು ಅವರ ಗುರುಗಳಿಗೆ ತಿಳಿಸಬೇಕು. ಮಕ್ಕಳಿಗೆ, ಅದೂ ಸ್ಪರ್ಧೆಯ ವೇದಿಕೆಯಲ್ಲಿ, ಒಂದು ಸಲಕ್ಕೆ ಒಂದೇ ವಿಷಯ, ಬೇರೆಯವರ ಎದುರು ಅಲ್ಲ. ಹದಿಮೂರು ಹದಿನಾಲ್ಕರ ಹುಡುಗನ ಧ್ವನಿ ಒಡೆಯುತ್ತಿದ್ದರೆ ಅದು ದೋಷವೇ ಅಲ್ಲ, ವಯಸ್ಸು. ಶ್ರುತಿ ಇಳಿಸಿ ಹಾಡಿಸಿ ಎಂದು ಗುರುಗಳಿಗೋ ತಂದೆತಾಯಿಗೋ ಹೇಳಿದರೆ ಸಾಕು.

ಕೇಳಿಸಿಕೊಳ್ಳುವವರ ಕೆಲಸ

ಕೇಳಿಸಿಕೊಳ್ಳುವವರು ಮೊದಲು ಮಾಡಬೇಕಾದ್ದು ವಿವರಣೆ ಕೊಡದಿರುವುದು. ‘ನೆಗಡಿಯಾಗಿತ್ತು’, ‘ಮಾನಿಟರ್ ಸರಿಯಿರಲಿಲ್ಲ’ ಎಂದು ಶುರುಮಾಡಿದ ಕೂಡಲೇ ಎದುರಿಗಿದ್ದವರು ಮಾತು ಮೊಟಕುಗೊಳಿಸುತ್ತಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು. ಆಮೇಲೆ ಅದರಲ್ಲಿ ಕೇಳಿದ ಅನುಭವ ಯಾವುದು, ಸೂಚಿಸಿದ ಪರಿಹಾರ ಯಾವುದು ಎಂದು ಬಿಡಿಸಬೇಕು. ಅನುಭವ ಬಹುತೇಕ ನಿಜವಿರುತ್ತದೆ, ಪರಿಹಾರ ಬಹಳ ಸಲ ತಪ್ಪಿರುತ್ತದೆ. ‘ಕೆಳಗಿನ ಸ್ಥಾಯಿ ಕೇಳಿಸಲೇ ಇಲ್ಲ, ಇನ್ನೂ ಜೋರಾಗಿ ಹಾಡಿ ಮೇಡಂ’ ಎಂದರೆ ಕೇಳಿಸದಿದ್ದದ್ದು ನಿಜ. ಆದರೆ ಮಂದ್ರದಲ್ಲಿ ಜೋರು ಮಾಡಿದರೆ ಧ್ವನಿ ಒಡೆಯುತ್ತದೆ. ಐದು ಮನೆಯ ಶ್ರುತಿಯಲ್ಲಿ ಹಾಡುತ್ತಿರುವವರು ಐದೂವರೆಗೆ ಏರಿಸಿಕೊಂಡು ಒಂದು ತಿಂಗಳು ಅಭ್ಯಾಸ ಮಾಡಿ ನೋಡಬಹುದು, ಮೈಕಿನ ಅಂತರ ಬದಲಿಸಿ ನೋಡಬಹುದು. ‘ರಾಗ ಉದ್ದವಾಯಿತು’ ಎನ್ನುವುದೂ ಹೀಗೆಯೇ. ಹನ್ನೆರಡು ನಿಮಿಷದ ಆಲಾಪನೆಯನ್ನು ಎಂಟಕ್ಕೆ ಇಳಿಸಿದರೂ ಬೇಸರ ಹೋಗದಿರಬಹುದು, ಯಾಕೆಂದರೆ ಬೇಸರ ಬಂದದ್ದು ಪಂಚಮದ ಸುತ್ತ ಅದೇ ನಾಲ್ಕು ನುಡಿಗಳು ಮರಳಿ ಮರಳಿ ಬಂದದ್ದರಿಂದ. ಮಂದ್ರದಲ್ಲಿ ಒಂದು, ಮಧ್ಯದಲ್ಲಿ ಎರಡು, ತಾರದಲ್ಲಿ ಒಂದು ಹೀಗೆ ನ್ಯಾಸಸ್ವರಗಳನ್ನು (ನಿಲ್ಲುವ ಸ್ವರಗಳನ್ನು) ಮೊದಲೇ ಗೊತ್ತುಮಾಡಿಕೊಂಡರೆ ಅದೇ ಹನ್ನೆರಡು ನಿಮಿಷ ಚಿಕ್ಕದೆನಿಸುತ್ತದೆ.

ಧ್ವನಿಮುದ್ರಣವನ್ನು ಅದೇ ರಾತ್ರಿ ಕೇಳಬಾರದು. ಎರಡು ದಿನ ಕಳೆಯಲಿ. ಮಿಕ್ಸರಿನಿಂದ ನೇರ ತೆಗೆದ ಮುದ್ರಣದಲ್ಲಿ ಸಭಾಂಗಣದ ಗುಂಗು ಇರುವುದಿಲ್ಲ, ಧ್ವನಿ ಒಣಗಿದಂತೆ, ಇದ್ದದ್ದಕ್ಕಿಂತ ಒರಟಾಗಿ ಕೇಳುತ್ತದೆ. ಸಭೆಯ ನಡುವೆ ಇಟ್ಟ ಫೋನಿನ ಮುದ್ರಣ ಸಾಹಿತ್ಯವನ್ನು ಮಸುಕು ಮಾಡಿ ತಪ್ಪುಗಳನ್ನು ಮುಚ್ಚುತ್ತದೆ. ಎರಡೂ ಇದ್ದರೆ ಒಳ್ಳೆಯದು. ಮೂರು ಸಲ ಕೇಳಬೇಕು: ಒಂದು ಸಲ ಅದೇ ಶ್ರುತಿಯ ತಂಬೂರಿ ಹಾಕಿಕೊಂಡು, ಒಂದು ಸಲ ಕೈಯಲ್ಲಿ ತಾಳ ಹಾಕುತ್ತ, ಒಂದು ಸಲ ಸಾಹಿತ್ಯದ ಹಾಳೆ ಹಿಡಿದು. ಮೂರನ್ನೂ ಒಟ್ಟಿಗೆ ಗಮನಿಸಲು ಹೋದರೆ ಕಿವಿ ತನಗೆ ಬೇಕಾದ್ದನ್ನು ಮಾತ್ರ ಹಿಡಿಯುತ್ತದೆ. ಬೇರೆ ಬೇರೆ ಜಾಗದಲ್ಲಿ ಕೂತ ಇಬ್ಬರು ಒಂದೇ ಸಾಲನ್ನು ತೋರಿಸಿದ್ದರೆ, ಮುದ್ರಣದಲ್ಲೂ ಅದು ಸಿಕ್ಕರೆ, ಅದೇ ಮೊದಲ ಕೆಲಸ. ಮುಂದಿನ ಕಚೇರಿಯವರೆಗೆ ಎರಡೇ ವಿಷಯ ಆರಿಸಿಕೊಂಡು ಉಳಿದದ್ದನ್ನು ಪಟ್ಟಿಯಲ್ಲಿ ಬಿಡುವುದು ಕ್ಷೇಮ. ಏಳೆಂಟನ್ನು 

ತಲೆಯಲ್ಲಿಟ್ಟುಕೊಂಡು ವೇದಿಕೆ ಹತ್ತಿದರೆ ಶಾರ್ಙ್ಗದೇವ ಹೇಳಿದ ಭೀತ ಗಾಯನವೇ ಆಗುತ್ತದೆ.

ಆಕಾಶವಾಣಿಯ ಧ್ವನಿಪರೀಕ್ಷೆ ಬಿ, ಬಿ ಹೈ, ಎ, ಟಾಪ್ ಎಂದು ಶ್ರೇಣಿ ಕೊಡುತ್ತದೆ. ಶ್ರೇಣಿಯಿಂದ ಎಲ್ಲಿ ನಿಂತಿದ್ದೇವೆ ಎಂದು ತಿಳಿಯುತ್ತದೆ, ಮುಂದಿನ ಹೆಜ್ಜೆ ತಿಳಿಯುವುದಿಲ್ಲ. ಸ್ಪರ್ಧೆಗಳ ಅಂಕವೂ ಅಷ್ಟೇ: ಶ್ರುತಿಗೆ ಹತ್ತರಲ್ಲಿ ಆರು ಎಂದರೆ ಉಳಿದ ನಾಲ್ಕು ಎಲ್ಲಿ ಹೋಯಿತು? ಅಂಕಪಟ್ಟಿಯಲ್ಲಿ ಪ್ರತಿ ಅಂಕದ ಪಕ್ಕ ಒಂದು ಸಾಲು ಬರೆಯುವಷ್ಟು ಜಾಗ ಬಿಟ್ಟು, ತೀರ್ಪುಗಾರರಿಗೆ ಒಬ್ಬೊಬ್ಬ ಸ್ಪರ್ಧಿಯ ನಂತರ ಎರಡು ನಿಮಿಷ ಬಿಡುವು ಕೊಟ್ಟರೆ ಇದು ಸಾಧ್ಯ. ನಲವತ್ತು ಮಕ್ಕಳಿದ್ದರೆ ಒಟ್ಟು ಎಂಬತ್ತು ನಿಮಿಷ ಹೆಚ್ಚಾಗುತ್ತದೆ. ಸ್ಪರ್ಧೆಯನ್ನು ಎರಡು ಸರದಿಗೆ ಒಡೆಯಬೇಕಾಗಬಹುದು. ಸಂಗೀತಸಭೆಗಳು ಇನ್ನೂ ಸುಲಭವಾಗಿ ಮಾಡಬಹುದಾದ ಕೆಲಸವಿದೆ: ಕಚೇರಿಯ ಮಿಕ್ಸರ್ ಮುದ್ರಣವನ್ನು ಆ ವಾರದೊಳಗೆ ಗಾಯಕರಿಗೂ ಪಕ್ಕವಾದ್ಯದವರಿಗೂ ಕಳಿಸಿಕೊಡುವುದು, ಜೊತೆಗೆ ಸೌಂಡಿನವರಿಂದ ನಾಲ್ಕು ಸಾಲು: ಯಾವ ಮೈಕು, ಮಾನಿಟರಿನಲ್ಲಿ ಏನೇನಿತ್ತು, ಎಲ್ಲಿ ಮೈಕು ಕೂಗು ಹಾಕಿತು, ಧ್ವನಿಯನ್ನು ಎಷ್ಟು ಏರಿಸಬೇಕಾಯಿತು.